ನಮ್ಮೂರ ಹಿನ್ನೀರು ಹೂಳು ತುಂಬಿ ಹೋಗ್ತಿದೆ, ಚಿಲಿಕಾದಲ್ಲಿ ಏನು ಮಾಡಿದ್ರು ಅಂತ ಗೊತ್ತಿದ್ದವರು ಹೇಳಿ

ಹೊಳೆಬಾಗಿಲು:
ಎಲ್ಲರಿಗೂ ನಮಸ್ಕಾರ. ನಮ್ದು ಕುಂದಾಪುರ ಕಡೆ ಊರು, ಹೊಳೆ ಕಡಲಿಗೆ ಸೇರೋ ಜಾಗದ ಹಿಂದೆ ಒಂದು ಹಿನ್ನೀರು ಇದೆ, ದೊಡ್ಡದೇನಲ್ಲ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ಅಲ್ಲಿ ದೋಣಿ ಹಾಕ್ತಿದ್ರು, ನಡುವಲ್ಲಿ ಬಿದಿರಿನ ಗಳ ಪೂರ್ತಿ ಇಳಿಸಿದ್ರೂ ತಳ ಸಿಗ್ತಿರ್ಲಿಲ್ಲ. ಈಗ ಇಳಿತದ ಹೊತ್ತಲ್ಲಿ ಮಕ್ಕಳು ಮೊಣಕಾಲು ನೀರಲ್ಲೇ ಆಚೆ ದಡಕ್ಕೆ ನಡ್ಕೊಂಡು ಹೋಗ್ತಾರೆ, ಅಂಚಲ್ಲೆಲ್ಲ ಆಪು (ಜೊಂಡಿನಂಥ ಹುಲ್ಲು) ಬೆಳೆದಿದೆ, ಅಳಿವೆ ಬಾಯಲ್ಲಿ ಮರಳಿನ ದಿಬ್ಬ ವರ್ಷಕ್ಕೊಂದಿಷ್ಟು ಉದ್ದ ಆಗ್ತಿದೆ. ನಾಲ್ಕು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಹಿಟಾಚಿ ತಂದು ಹೂಳೆತ್ತಿ ದಡದ ಮೇಲೇ ರಾಶಿ ಹಾಕಿ ಹೋದ, ಆಸಾಡಿ ಮಳೆಗೆ ಅಷ್ಟೂ ವಾಪಸ್ ನೀರಿಗೇ ಇಳೀತು, ನಾವೆಲ್ಲ ನೋಡ್ತಾ ನಿಂತಿದ್ವಿ.

ಈಗ ಯುವಕ ಮಂಡಲದವರು, ಮೀನು ಹಿಡಿಯೋ ಮನೆಗಳ ಹಿರಿಯರು ಒಟ್ಟಿಗೆ ಕೂತು ವಂತಿಗೆ ಎತ್ತೋಣ ಅಂತ ಮಾತಾಡಿದೀವಿ. ಒಡಿಶಾದ ಚಿಲಿಕಾ ಸರೋವರ ಹೀಗೇ ತುಂಬಿ ಹೋಗ್ತಿತ್ತು, ಆಮೇಲೆ ಸರಿ ಮಾಡಿದ್ರು ಅಂತ ಓದಿದೆ. ಅಲ್ಲಿ ನಿಜವಾಗ್ಲೂ ಏನು ಮಾಡಿದ್ರು? ಮತ್ತೆ ಹಿಟಾಚಿಗೇ ದುಡ್ಡು ಹಾಕಿದ್ರೆ ಸಾಕಾ? ಬೇಗ ಹೇಳಿ, ಮುಂದಿನ ತಿಂಗಳು ಸಭೆ ಇದೆ.

ಮಹಾನದಿ_ದಂಡೆ:
ಕೆಲಸದ ಮೇಲೆ ಭುವನೇಶ್ವರದಲ್ಲಿ ಒಂಬತ್ತು ವರ್ಷ ಇದ್ದೆ, ಚಿಲಿಕಾಕ್ಕೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಒಂದು ಬೇರೆ ಮಾಡ್ಕೊಳ್ಳಿ ಅಣ್ಣ, ಹೊಳೆ ತರೋ ಕೆಸರು ಬೇರೆ, ಕಡಲು ತರೋ ಮರಳು ಬೇರೆ. ಚಿಲಿಕಾಕ್ಕೆ ಎರಡೂ ಕಾಟ ಇತ್ತು. ಬಡಗಣ ದಿಕ್ಕಿಂದ ಮಹಾನದಿಯ ಕವಲುಗಳು, ದಯಾ, ಭಾರ್ಗವಿ ಇವೆಲ್ಲ, ಮಳೆಗಾಲದಲ್ಲಿ ಕೆಸರು ಹೊತ್ತು ತಂದು ಸುರೀತವೆ. ಪಡುವಣದ ಗುಡ್ಡಗಳ ಕಡೆಯಿಂದ ಬರೋ ಹಳ್ಳ ತೊರೆಗಳು ಕಾಡು ಕಡಿದ ಮೇಲೆ ಇನ್ನಷ್ಟು ಮಣ್ಣು ತರೋಕೆ ಶುರು ಮಾಡಿದ್ವು. ಈ ಕಡೆ ಕಡಲಿನ ಅಲೆ ದಡದುದ್ದಕ್ಕೂ ಮರಳು ತಳ್ಕೊಂಡು ಹೋಗಿ ಅಳಿವೆ ಬಾಯನ್ನ ಮುಚ್ತಾ ಮುಚ್ತಾ ದೂರ ಸರಿಸಿಬಿಡ್ತು. ಭರತದ ನೀರು ಉದ್ದದ ಕಾಲುವೆಯಲ್ಲಿ ತೆವಳಿ ಬರೋ ಹೊತ್ತಿಗೆ ಸುಸ್ತಾಗಿ ಒಳಗೆ ಉಪ್ಪೇ ತಲುಪ್ತಿರ್ಲಿಲ್ಲ. ಉಪ್ಪು ಕಮ್ಮಿ ಆದಾಗ ಸಿಹಿನೀರಿನ ಕಳೆ, ಅಂತರಗಂಗೆ, ಜೊಂಡು ಎಲ್ಲ ಏರಿ ಬಂತು, ಕಳೆ ಬೆಳೆದಲ್ಲಿ ಕೆಸರು ಇನ್ನೂ ಬೇಗ ಕೂರುತ್ತೆ. ನಿಮ್ಮಲ್ಲಿ ಆಪು ಬೆಳೆದಿದೆ ಅಂದ್ರಲ್ಲ, ಅದನ್ನ ಓದಿದ ಕೂಡ್ಲೇ ಚಿಲಿಕಾನೇ ನೆನಪಾಯ್ತು.

1981ರಲ್ಲೇ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದ ಸರೋವರ, 1993ರಲ್ಲಿ ಅಪಾಯದಲ್ಲಿರೋ ಜೌಗುಗಳ ಮಾಂತ್ರೊ ದಾಖಲೆಗೆ ಹೋಯ್ತು. ಆಗ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರದವರು ಸೀದಾ ಯಂತ್ರ ಇಳಿಸ್ಲಿಲ್ಲ. ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾದರಿ ಮಾಡಿಸಿ ಎಲ್ಲಿ ತೆರೆದ್ರೆ ನೀರು ಹೇಗೆ ಓಡುತ್ತೆ ಅಂತ ನೋಡಿ, 2000ದ ಸೆಪ್ಟೆಂಬರ್ 23ಕ್ಕೆ ಸಾತಪಡಾ ಹತ್ತಿರ ಕಡಲಿಗೆ ಹೊಸ ಬಾಯಿ ತೆರೆದ್ರು. ನೀರು ಹೊರಗೆ ಹೋಗೋ ದಾರಿ 18 ಕಿಲೋಮೀಟರ್ ಕಮ್ಮಿ ಆಯ್ತು. ಒಳಗಿನ ಕಾಲುವೆಯ ಹೂಳೂ ತೆಗೆದ್ರು. 1999-2000ದಲ್ಲಿ 1,745 ಟನ್ ಇದ್ದ ಮೀನು 2001-02ಕ್ಕೆ 11,989 ಟನ್ ಆಯ್ತು, 2002ರಲ್ಲಿ ಆ ದಾಖಲೆಯಿಂದ ಹೆಸರು ತೆಗೆದು ರಾಮ್ಸರ್ ಪ್ರಶಸ್ತಿನೂ ಕೊಟ್ರು.

ಸಾತಪಡಾದಲ್ಲಿ ಒಬ್ಬ ವಯಸ್ಸಾದ ದೋಣಿಯವ ನಂಗೆ ತೋರಿಸಿದ್ದು ಮರೆಯಲ್ಲ. ಬೊಗಸೇಲಿ ನೀರೆತ್ತಿ ನಾಲಿಗೆಗೆ ತಾಗಿಸಿ, ನೀವೂ ನೋಡಿ ಬಾಬು, ಉಪ್ಪಿದೆ, ಈ ಉಪ್ಪು ಹಿಂದಕ್ಕೆ ಬರೋಕೆ ನಾವು ಎಷ್ಟು ವರ್ಷ ಕಾದ್ವಿ ಅಂದ. ಹೂಳು ಎಷ್ಟಿದೆ ಅನ್ನೋದಕ್ಕಿಂತ ನೀರಿನ ರುಚಿ ಮೇಲೆ ಅವರ ಲೆಕ್ಕ ನಿಂತಿತ್ತು.

ಇನ್ನೊಂದು ಮುಖ್ಯ, ಬಾಯಿ ತೆರೆದದ್ದೊಂದೇ ಅಲ್ಲ, ಮೇಲಿನ ಗುಡ್ಡದ ಹಳ್ಳಿಗಳಲ್ಲಿ ಊರವರದ್ದೇ ಜಲಾನಯನ ಸಂಘ ಮಾಡಿಸಿ ಒಡ್ಡು, ಗಿಡ, ಇಂಗುಗುಂಡಿ ಮಾಡಿಸಿದ್ರು. ಮೇಲಿಂದ ಬರೋ ಮಣ್ಣು ನಿಲ್ಲಿಸದೆ ಕೆಳಗೆ ಎಷ್ಟು ತೋಡಿದ್ರೂ ನಿಮ್ಮ ಗುತ್ತಿಗೆದಾರನ ಕಥೆನೇ.

ಗಜನಿಯವ:
ಕುಮಟೆ ಕಡೆಯವ ನಾನು. ಮೇಲಿನವರು ಉಪ್ಪಿನ ಮಾತು ಹೇಳಿದ್ದು ನೂರಕ್ಕೆ ನೂರು ನಿಜ, ಅದಕ್ಕೆ ಒಡಿಶಾಕ್ಕೆ ಹೋಗೋದೂ ಬೇಡ. ನಮ್ಮ ಅಘನಾಶಿನಿಗೆ ಅಣೆಕಟ್ಟಿಲ್ಲ, ಭರತ ಇಳಿತ ತನ್ನ ಪಾಡಿಗೆ ನಡೀತದೆ, ಬಳಚು (ಚಿಪ್ಪುಮೀನು) ಬದುಕಿದೆ, ಹೆಂಗಸರು ಇಳಿತದಲ್ಲಿ ಬುಟ್ಟಿ ಹಿಡ್ದು ಇಳಿತಾರೆ. ಪಕ್ಕದ ಶರಾವತಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಕರೆಂಟ್ ತೆಗೆದ ಸಿಹಿನೀರು ವರ್ಷವಿಡೀ ಇಳಿದು ಅಳಿವೆಯ ಉಪ್ಪೇ ತೆಳುವಾಗಿ ಚಿಪ್ಪು ಹೆಚ್ಚುಕಮ್ಮಿ ಇಲ್ಲವೇ ಆಯ್ತು. ಐಐಎಸ್‌ಸಿಯವರೂ ಇದನ್ನೇ ಅಧ್ಯಯನ ಮಾಡಿ ಹೇಳಿದ್ದು. ಎರಡು ಹೊಳೆ, ಒಂದೇ ಜಿಲ್ಲೆ, ನೋಡಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಅಂತಲ್ಲ, ಗಜನಿ (ಅಳಿವೆ ಅಂಚಿನ ಉಪ್ಪುನೀರಿನ ಗದ್ದೆ) ಕಟ್ಟೆ ಒಡೆದದ್ದನ್ನ ಮೊದಲು ಊರೇ ಸೇರಿ ಕಟ್ತಿತ್ತು, ಉಪ್ಪು ತಡೆಯೋ ಕಗ್ಗ ಭತ್ತ ಬೆಳೆಯೋವಷ್ಟು ದಿನ ಕಟ್ಟೆ ಮೇಲೆ ಎಲ್ಲರ ಕಣ್ಣಿರ್ತಿತ್ತು, ಭತ್ತ ಬಿಟ್ಟ ಮೇಲೆ ಕಟ್ಟೆನೂ ಯಾರಿಗೂ ಬೇಡ ಆಯ್ತು. ಒಂದು ಸಲ ಕಟ್ಟೆ ಒಡೆದ್ರೆ ಗದ್ದೆ ಮಣ್ಣು ಸೀದಾ ಹೊಳೆಗೆ. ನಿಮ್ಮೂರಲ್ಲೂ ದಂಡೆಗದ್ದೆ ಕಟ್ಟೆ ಇದ್ರೆ ಮೊದಲು ಅದನ್ನ ನೋಡಿ ಮಾರಾಯ್ರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದ್ರೆ ದಯವಿಟ್ಟು ಹೂಳಿನ ಜೊತೆ ಅದನ್ನೂ ಕಿತ್ತು ಹಾಕ್ಬೇಡಿ, ಕಟ್ಟೆ ಹಿಡ್ಕೊಳ್ಳೋದೇ ಅದು. ಆದ್ರೆ ನೀರು ಓಡೋ ನಡುಕಾಲುವೆಯಲ್ಲಿ ಹೊಸದಾಗಿ ನೆಡೋದೂ ಬೇಡ, ಬೇರಲ್ಲಿ ಕೆಸರು ನಿಂತು ದಾರಿ ಕಟ್ಟುತ್ತೆ.

ಕಡಲಹಕ್ಕಿ:
ಚಿಲಿಕಾ ಗೆದ್ದ ಕಥೆ ಮಾತ್ರ ತಗೊಂಡು ಸಭೆಗೆ ಹೋಗ್ಬೇಡಿ, ಉಳಿದದ್ದೂ ಹೇಳಿ. ತೆರೆದ ಬಾಯಿ ನಾವಿಟ್ಟಲ್ಲೇ ನಿಲ್ಲಲ್ಲ. ಅಗಲ ಆಯ್ತು, ಸರೀತಾ ಹೋಯ್ತು, 2008ರಲ್ಲಿ ಕಡಲು ತಾನಾಗೇ ಇನ್ನೊಂದು ಬಾಯಿ ಒಡೀತು, 2019ರ ಫಾನಿ ಚಂಡಮಾರುತದಲ್ಲಿ ಮತ್ತಷ್ಟು ಒಡೆದ್ವು. ಅಳಿವೆ ಹತ್ತಿರ ಯಾರ ಮನೆ ಇದೆ, ಯಾರ ಬಾವಿ ಇದೆ, ತೆರೆದ್ರೆ ಅಲೆ ಯಾರ ಅಂಗಳಕ್ಕೆ ಬರುತ್ತೆ, ಯಾರ ಬಾವಿ ಉಪ್ಪಾಗುತ್ತೆ, ಇದನ್ನ ಮೊದಲು ಕೇಳ್ಬೇಕು.

ಎರಡನೇದು, ನೀರು ಯಾರದ್ದು ಅನ್ನೋದು. ಅಲ್ಲಿ ಸಿಗಡಿ ಸಾಕೋಕೆ ದುಡ್ಡಿದ್ದವರು ಬಲೆ ಒಡ್ಡು ಹಾಕಿ ಸರೋವರನೇ ತುಂಡು ಮಾಡಿದ್ರು, ಘೇರಿ ಅಂತಾರೆ ಅದಕ್ಕೆ. ಆ ಬೇಲಿಗಳು ನೀರಿನ ಓಟ ತಡೆದು ಹೂಳನ್ನೂ ಕೂರಿಸಿದ್ವು. ಬಡ ಮೀನುಗಾರರು 90ರ ದಶಕದ ಶುರುವಿಂದ ಚಿಲಿಕಾ ಬಚಾವೋ ಆಂದೋಲನ ಅಂತ ಬೀದಿಗಿಳಿದ್ರು, 1996ರಲ್ಲಿ ಸಿಗಡಿ ಸಾಕಣೆ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪೂ ಬಂತು, ಆದ್ರೂ ಘೇರಿ ಹೋಗ್ಲಿಲ್ಲ. 1999ರ ಮೇನಲ್ಲಿ ಸೊರಾಣದಲ್ಲಿ ಪೊಲೀಸ್ ಗೋಲಿಬಾರ್ ಆಗಿ ನಾಲ್ಕು ಜೀವ ಹೋಯ್ತು. ನೀವು ಆಳ ಮಾಡಿಕೊಟ್ಟ ನೀರಿಗೆ ನಾಳೆ ಯಾರೋ ಬೇಲಿ ಹಾಕೋಕೆ ಬಂದ್ರೆ ಏನು ಮಾಡ್ತೀರಿ, ಅದನ್ನ ಈಗ್ಲೇ ಪಂಚಾಯ್ತಿ ಠರಾವಲ್ಲಿ ಬರೆಸಿ.

ಊರವರ ಕೈಲಿ ಆಗುತ್ತೆ ಅನ್ನೋಕೆ ಅದೇ ಚಿಲಿಕಾದ ಮಂಗಳಾಜೋಡಿ ಇದೆ. ಹಕ್ಕಿ ಹೊಡೆದು ಮಾರ್ತಿದ್ದ ಊರು, 2000ದ ಹೊತ್ತಿಗೆ ತಾವೇ ಸಮಿತಿ ಕಟ್ಕೊಂಡು ಕಾಯೋಕೆ ನಿಂತ್ರು. ನಾನು ಹೋದಾಗ ದೋಣಿ ನಡೆಸಿದವ, ಗಳ ಊರೋವಾಗ ಸದ್ದಾಗಬಾರದು ಅಂತ ಅದರ ತುದಿಯನ್ನ ನೀರೊಳಗೇ ಮೆಲ್ಲಗೆ ಜಾರಿಸ್ತಿದ್ದ, ಪಕ್ಕದಲ್ಲೇ ಗೋಡ್ವಿಟ್ ಹಕ್ಕಿ ಕೆಸರು ಕೆದಕ್ತಾ ಇತ್ತು, ಹಾರ್ಲಿಲ್ಲ.

ಹಳೇ_ಓವರ್ಸಿಯರ್:
ಒಂದೇ ಮಾತು. ಅದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಜಾಗ, ವಂತಿಗೆ ಎತ್ತಿ ನೀವೇ ಹಿಟಾಚಿ ಇಳಿಸಿದ್ರೆ ಕೇಸ್ ಆಗುತ್ತೆ. ಮರಳು ದಿಬ್ಬ ತೆರವಿಗೆ ಡಿಸಿ ಅಧ್ಯಕ್ಷತೆಯ ಸಮಿತಿ ಮುಂದೆ ಹೋಗ್ಬೇಕಿತ್ತು, ಸಾಂಪ್ರದಾಯಿಕವಾಗಿ ದೋಣಿಲಿ ಕೈಯಿಂದ ತೆಗೆಯೋರಿಗೆ ಅದರಲ್ಲಿ ದಾರಿ ಇತ್ತು, ಈಗೇನಿದೆ ಅಂತ ಡಿಸಿ ಕಚೇರೀಲಿ ಮೊದಲು ಕೇಳ್ಕೊಳ್ಳಿ. ಅರ್ಜಿ ಜೊತೆ ಅಳತೆ ಇದ್ರೆ ನಿಮ್ಮ ಮಾತಿಗೆ ತೂಕ ಬರುತ್ತೆ. ಹತ್ತು ಜಾಗದಲ್ಲಿ ಗಳ ನೆಟ್ಟು ಗೆರೆ ಹಾಕಿ, ಹುಣ್ಣಿಮೆ ಅಮಾವಾಸ್ಯೆಗೆ ಭರತ ಎಲ್ಲಿಗೆ ಬಂತು, ಇಳಿತ ಎಲ್ಲಿಗೆ ಹೋಯ್ತು, ದಿನಾಂಕ ಹಾಕಿ ಬರೀರಿ.

ಹೊಳೆಬಾಗಿಲು:
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಇದನ್ನ ಪ್ರಿಂಟ್ ತೆಗೆದು ಅಪ್ಪಯ್ಯಂಗೆ ಓದಿ ಹೇಳಿದೆ. ಉಪ್ಪಿನ ವಿಷಯ ಬಂದಾಗ ಓದೋದು ನಿಲ್ಲಿಸು ಅಂದು, ಏಡಿ ಸಿಗದೆ ಎಷ್ಟು ವರ್ಷ ಆಯ್ತು ಅಂತ ಅಮ್ಮನ್ನ ಕೇಳಿದ್ರು, ಇಬ್ರೂ ಕೂತು ಲೆಕ್ಕ ಹಾಕಿದ್ರು, ಮೇಲಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಶುರುವಾದ ಎರಡು ಮಳೆಗಾಲ ಆದ್ಮೇಲೆ ಅಂತ ಬಂತು. ನಾವ್ಯಾರೂ ಇಷ್ಟು ದಿನ ಆ ಗುಡ್ಡದ ಕಡೆ ನೋಡೇ ಇರ್ಲಿಲ್ಲ. ಅಳಿವೆ ಹತ್ತಿರದ ಆರು ಮನೆಯವರನ್ನ ಸಭೆಗೆ ಕರೆದೂ ಇರ್ಲಿಲ್ಲ, ನಾಳೆ ಹೋಗಿ ಕರೀತೀನಿ. ಹಿಟಾಚಿ ಮಾತು ಸದ್ಯಕ್ಕೆ ಬಿಟ್ವಿ. ಭಾನುವಾರ ಅಮಾವಾಸ್ಯೆ, ಇಳಿತ ಬೆಳಗ್ಗೆ ಚೆನ್ನಾಗಿರುತ್ತೆ, ಅಪ್ಪಯ್ಯನ ಹಳೇ ಗಳಕ್ಕೆ ಅಡಿ ಅಡಿಗೂ ಕೆಂಪು ಪೇಂಟ್ ಹಚ್ಚಿ ಒಣಗೋಕೆ ಇಟ್ಟಿದೀನಿ. ಅಳತೆ ಇಲ್ಲೇ ಹಾಕ್ತೀನಿ.