ವಾಟರ್ ಜೆಟ್ ಎಜೆಕ್ಟರ್: ಚಳಿಗಾಲದಾಗ 690, ಈಗ 640 ದಾಟವಲ್ದು

ರಾಯಚೂರು_ಫಿಟ್ಟರ್:
ಗಿಡಮೂಲಿಕೆ ಕಷಾಯ ಗಟ್ಟಿ ಮಾಡೋ ಸಣ್ಣ ಯೂನಿಟ್ ರೀ ನಮ್ದು. ಪಿಪಿ (ಒಂದು ನಮೂನಿ ಪ್ಲಾಸ್ಟಿಕ್) ಬಾಡಿ ಎಜೆಕ್ಟರ್, ಅಂದ್ರ ನೀರಿನ ಜೋರಿನಿಂದ ಗಾಳಿ ಎಳದು ವ್ಯಾಕ್ಯೂಮ್ ಮಾಡೋದು; 5 ಎಚ್‌ಪಿ ಪಂಪು, 500 ಲೀಟರ್ ಟ್ಯಾಂಕು. ಡಿಸೆಂಬರ್‌ನಾಗ ವ್ಯಾಕ್ಯೂಮ್ ಗೇಜು (ಹೊರಗಿನ ಗಾಳಿಗಿಂತ ಒಳಗ ಒತ್ತಡ ಎಷ್ಟು ಇಳದದ ಅಂತ ಪಾದರಸದ ಎಂಎಂನ್ಯಾಗ ಹೇಳೋದು) 690 ಎಂಎಂ ತೋರಸ್ತಿತ್ತು. ಈಗ ಮುಂಜಾನೆ ಚಲೋ ಇರ್ತದ, ಮಧ್ಯಾಹ್ನ ಆಗೂದ್ರಾಗ 640ಕ್ಕ ಬಂದು ಕುಂದ್ರತದ. ಕುದಿಯೋ ಬಿಸಿ ಏರಿ ಮಾಲು ಕಪ್ಪಾಗ್ಲಿಕತ್ತದ. ಮಾರಿದವರು ‘ನಾಝಲ್ ಸವದದ, ಹೊಸಾದು ಹಾಕ್ರಿ’ ಅಂತಾರ. ಗ್ಯಾಸ್ಕೆಟ್ ಎಲ್ಲಾ ಬದಲಿ ಮಾಡೀನಿ.

ತೋರಣಗಲ್ಲು_ಮೆಂಟೆನೆನ್ಸ್:
ರೊಕ್ಕ ಹಾಕಬ್ಯಾಡ್ರಿ ಇನ್ನೂ. ಎಜೆಕ್ಟರ್ ಬಾಯಿಗೆ ಇರೋ ವಾಲ್ವ್ ಮುಚ್ಚಿ, ಗೇಜು ಎಜೆಕ್ಟರ್ ಕಡೆ ಇಟ್ಟು ನೋಡ್ರಿ. ಆಗ ಏರಿದ್ರೆ ಲೀಕು ರಿಯಾಕ್ಟರ್ (ಕಷಾಯ ಕುದಿಯೋ ಪಾತ್ರೆ) ಕಡೆ ಐತೆ. ಏರದಿದ್ರೆ ತಪ್ಪು ಎಜೆಕ್ಟರ್‌ದು, ಇಲ್ಲಾ ನೀರಿಂದು. ಪಂಪಿನ ಪ್ರೆಶರ್ ಎಷ್ಟು? ನಾಝಲ್ ಸವೆದಿದ್ರೆ ಅದು ಇಳೀಬೇಕು, ಬೋರ್ ನೀರಿನ ಸುಣ್ಣ ಕಟ್ಟಿದ್ರೆ ಏರಬೇಕು.

ರಾಯಚೂರು_ಫಿಟ್ಟರ್:
ವಾಲ್ವ್ ಮುಚ್ಚಿದ್ರೂ 640ನ ರೀ. ಪ್ರೆಶರ್ ಮೊದಲಿನಷ್ಟ ಅದ. ಟ್ಯಾಂಕಿನ್ಯಾಗ ಕೈ ಇಟ್ರ ಸ್ನಾನದ ನೀರಿನಂಗ ಅದ. ಥರ್ಮಾಮೀಟರ್ ಹಾಕಿದೆ, 46 ಡಿಗ್ರಿ.

ಹಳೇ_ಪ್ರೊಸೆಸ್:
ಸಿಕ್ಕಿತು ನೋಡಿ ತಮ್ಮಾ. ನಾಝಲ್‌ನಿಂದ ರಭಸವಾಗಿ ಹಾರುವ ನೀರು ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಕೆಳಗಿನ ಕೊಳವೆಗೆ ನುಗ್ಗುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಅದಕ್ಕೇ ಆಸಿಡ್ ಹೊಗೆ ಎಳೆಯುವ ಕಡೆ ಪಿಪಿ ಎಜೆಕ್ಟರ್‌ಗೆ ಅಷ್ಟು ಬೆಲೆ. ಟ್ಯಾಂಕಿಗೆ ಕಾಸ್ಟಿಕ್ (ಕ್ಷಾರದ) ನೀರು ತುಂಬಿದರೆ ವ್ಯಾಕ್ಯೂಮೂ ಆಯಿತು, ಹೊಗೆ ತೊಳೆಯುವ ಸ್ಕ್ರಬ್ಬರೂ ಆಯಿತು. ಆದರೆ ನೀರು ತನ್ನ ಆವಿಯ ಒತ್ತಡಕ್ಕಿಂತ ಕೆಳಗೆ ಇಳಿಸಲಾರದು, ಅಲ್ಲಿ ತಾನೇ ಆವಿಯಾಗತೊಡಗುತ್ತದೆ. ಆ ಒತ್ತಡ 24 ಡಿಗ್ರಿಯಲ್ಲಿ ಸುಮಾರು 22 ಎಂಎಂ, 46ರಲ್ಲಿ 76. ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಎತ್ತರ, ಗಾಳಿಯ ಒತ್ತಡವೇ 720ರ ಆಸುಪಾಸು. 720ರಲ್ಲಿ 76 ಕಳೆದು ನೋಡಿ, 644. ನಿಮ್ಮ ಎಜೆಕ್ಟರ್ ಪಾಪ ಪೂರ್ತಿ ಕೆಲಸ ಮಾಡುತ್ತಿದೆ!

ಬಿಸಿಲೊಂದೇ ಅಲ್ಲ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್, ಅಷ್ಟೂ ಕೊನೆಗೆ ಶಾಖವಾಗಿ ಅದೇ 500 ಲೀಟರ್ ನೀರಿಗೇ ಸೇರುತ್ತದೆ, ಗಂಟೆಗೆ ಆರು ಡಿಗ್ರಿಯಂತೆ. ಮೇಲೆ ಕಷಾಯದ ಆವಿಯ ಶಾಖ ಬೇರೆ. ಸಕ್ಕರೆ ಫ್ಯಾಕ್ಟರಿಗಳಲ್ಲಿ ಆವಿಯನ್ನು ತಂಪಾಗಿಸಿ ನೀರಾಗಿಸುವ ಜೆಟ್ ಕಂಡೆನ್ಸರ್‌ನ ನೀರನ್ನು ಹೊಂಡದಲ್ಲಿ ಕಾರಂಜಿಯಂತೆ ಹಾರಿಸುವುದು ಇದಕ್ಕೇ.

ರಾಯಚೂರು_ಫಿಟ್ಟರ್:
ಅರ್ಧ ನೀರು ಬಿಟ್ಟು ಸಂಪಿನ ತಣ್ಣೀರು ತುಂಬಿದೆ. 38 ಡಿಗ್ರಿ ಆತು, ಗೇಜು 665! ನಾಝಲ್ ಆರ್ಡರ್ ಕ್ಯಾನ್ಸಲ್. ಆದ್ರ ದಿನಾ ನೀರು ಚೆಲ್ಲಾಕ ಎಲ್ಲೈತ್ರಿ ನಮ್ಮ ಕಡೆ?

ಹಳೇ_ಪ್ರೊಸೆಸ್:
ಚೆಲ್ಲಬೇಡಿ. ಸಣ್ಣ ಎಫ್‌ಆರ್‌ಪಿ (ಫೈಬರ್) ಕೂಲಿಂಗ್ ಟವರ್ ಸಾಕು, ಅದರಲ್ಲಿ ಸ್ವಲ್ಪ ನೀರು ಆವಿಯಾಗಿ ಉಳಿದದ್ದು ತಣ್ಣಗಾಗುತ್ತದೆ. ನಿಮ್ಮೂರಿನ ಒಣ ಬಿಸಿಲಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕರಾವಳಿಯವರಿಗೆ ಆ ಭಾಗ್ಯ ಇಲ್ಲ. ಎಜೆಕ್ಟರ್‌ಗೆ ಮೊದಲು ಕಂಡೆನ್ಸರ್ ಸರಿಯಾಗಿ ನಡೆದರೆ ಅರ್ಧ ಭಾರ ಇಳಿದ ಹಾಗೆ.

ತೋರಣಗಲ್ಲು_ಮೆಂಟೆನೆನ್ಸ್:
ಲೈನ್‌ನಾಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂಗೆ ತಡೆಯೋ ವಾಲ್ವ್) ಐತಾ? ಪಂಪು ನಿಂತ್ರೆ ವ್ಯಾಕ್ಯೂಮು ಟ್ಯಾಂಕಿನ ನೀರನ್ನ ಹಿಂದಕ್ಕೆ ಎಳ್ಕಂತೈತೆ. ಬಂದ್ ಮಾಡೋಕೆ ಮುಂಚೆ ಮೊದಲು ಗಾಳಿ ಬಿಡ್ರಿ, ಆಮೇಲೆ ಪಂಪು.

ರಾಯಚೂರು_ಫಿಟ್ಟರ್:
ಅಯ್ಯೋ! ಹೋದ ವಾರ ಕರೆಂಟ್ ಹೋಗಿ ಬಂದಾಗ ಮಾಲು ನೀರು ನೀರಾಗಿತ್ತು. ಪಾಪ, ಆಪರೇಟರ್ ಹುಡುಗನ್ನ ಬೈದೀನಿ ನಾನು.