ಮೂರನೇ ಸಿಲಿಂಡರಿನ ವಿಚಾರಣೆ

"ಇಂಜೆಕ್ಟರ್ ಹೋಗಿದೆ" ಅಂದ ವೆಂಕಿ. ಬಾನೆಟ್ ಇನ್ನೂ ತೆಗೆದೇ ಇರಲಿಲ್ಲ.

ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಬೇಕಾದ ಪೆಟ್ರೋಲ್ ಚಿಮ್ಮಿಸುವ ಪುಟ್ಟ ನಲ್ಲಿ. ವೆಂಕಿಯ ಕೈಯಲ್ಲಿ ಹೊಸ ಸ್ಕ್ಯಾನರ್ ಇತ್ತು. ಸ್ಟೀರಿಂಗ್ ಕೆಳಗೆ ಸಿಕ್ಕಿಸಿ ಫೋನಿನಲ್ಲಿ ನೋಡುವಂಥದ್ದು. ಪಿ0203 ಅನ್ನೋ ದೋಷದ ಕೋಡ್ ತೋರಿಸುತ್ತಿತ್ತು. ಗಿರೀಶನ ಪೆಟ್ರೋಲ್ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಗಿರೀಶನೂ ಹಾಗೇ ನಿಂತಿದ್ದ, ಜ್ವರ ಯಾರಿಗೆ ಅಂತ ಹೇಳೋದು ಕಷ್ಟವಾಗಿತ್ತು.

"ಕೋಡಲ್ಲೇ ಇದೆಯಲ್ಲೋ. ಮೂರನೇ ಸಿಲಿಂಡರ್ ಇಂಜೆಕ್ಟರ್. ಕಿತ್ತು ಹೊಸದು ಹಾಕು, ಮುಗೀತು."

"ಪೂರ್ತಿ ಓದಪ್ಪ" ಅಂದರು ಶಂಕ್ರಣ್ಣ. ನಮ್ಮ ಗುಂಪಿನಲ್ಲಿ ಹಿರಿಯರು ಅವರು, ವೈರಿಂಗ್ ಗೊತ್ತಿರೋದೂ ಅವರೊಬ್ಬರಿಗೇ. ಬಾಕಿಯವರಿಗೆ ಗೊತ್ತಿರೋದು ಅಭಿಪ್ರಾಯ.

"ಇಂಜೆಕ್ಟರ್ ಸರ್ಕ್ಯೂಟ್, ಸಿಲಿಂಡರ್ ಮೂರು."

"ಹಾಂ. ಬ್ಯಾಟರಿಯಿಂದ ಹೊರಟು, ಫ್ಯೂಸ್ ರಿಲೇ ದಾಟಿ, ಇಂಜೆಕ್ಟರನ್ನು ತೆರೆಯೋ ತಂತಿ ಸುರುಳಿ, ಅಂದ್ರೆ ಕಾಯಿಲ್ ಒಳಗೆ ಹೊಕ್ಕು, ಇನ್ನೊಂದು ವೈರಲ್ಲಿ ಹೊರಗೆ ಬಂದು, ಇಂಜಿನ್ ನಡೆಸೋ ಕಂಪ್ಯೂಟರ್ ಇಸಿಯು ತನಕ ಇದೆ ಅದರ ದಾರಿ. ಕಳ್ಳತನ ಆದ ಬೀದಿ ಯಾವುದು ಅಂತ ಕೋಡ್ ಹೇಳಿದೆ. ಕಳ್ಳ ಯಾರು ಅಂತ ಹೇಳಿಲ್ಲ."

ಪರಮೇಶಿ ಆಡಿಟ್ ಕೆಲಸದವನು. ಏನೇ ಕೆಟ್ಟರೂ ಕಡಿಮೆ ಖರ್ಚಿನ ಕಡೆಯಿಂದ ಶುರು ಮಾಡುತ್ತಾನೆ. "ಮೊದಲು ಫ್ಯೂಸ್ ನೋಡ್ರಪ್ಪ."

"ಈ ಗಾಡೀಲಿ ನಾಲ್ಕೂ ಇಂಜೆಕ್ಟರಿಗೆ ಒಂದೇ ಫ್ಯೂಸು. ಅದು ಹೋಗಿದ್ರೆ ಸ್ಟಾರ್ಟೇ ಆಗ್ತಿರಲಿಲ್ಲ. ಮೂರು ಸಿಲಿಂಡರ್ ಹೊಡೀತಿದೆ ಅಂದ್ಮೇಲೆ ಫ್ಯೂಸ್ ಪಾಪದ್ದು, ಬಿಟ್ಬಿಡು."

ಬಾನೆಟ್ ತೆಗೆದೆವು. ನನಗೆ ಟಾರ್ಚ್ ಹಿಡಿಯುವ ಕೆಲಸ ಸಿಕ್ಕಿತು. ಲೋಕದಲ್ಲಿ ಇದರಷ್ಟು ಬೈಗುಳ ತಿನ್ನುವ ಕೆಲಸ ಇನ್ನೊಂದಿಲ್ಲ. ಬೆಳಕು ಎಲ್ಲಿ ಬಿಟ್ಟರೂ ಬೇಕಾದ ಜಾಗ ಅದರ ಪಕ್ಕದಲ್ಲೇ ಇರುತ್ತದೆ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಜಗಳ. ಮೂರನೆಯದು ಯಾವುದು? ವೆಂಕಿ ಎಡಗಡೆಯಿಂದ ಎಣಿಸಿದ. ಗಿರೀಶ ಬಲಗಡೆಯಿಂದ ಎಣಿಸಿದ, ಕಾರು ತನ್ನದು ಅನ್ನೋ ಹಕ್ಕಿನಲ್ಲಿ. ಪರಮೇಶಿ ಸೀಟಿನಲ್ಲಿ ಕೂತು ಅಲ್ಲಿಂದ ಎಣಿಸಬೇಕು ಅಂದ. ನಾಲ್ಕು ಸಿಲಿಂಡರಿನ ದುರದೃಷ್ಟ ಏನಂದರೆ, ಒಂದು ಕಡೆಯಿಂದ ಮೂರನೆಯದು ಇನ್ನೊಂದು ಕಡೆಯಿಂದ ಎರಡನೆಯದಾಗುತ್ತದೆ. ತಪ್ಪು ಇಂಜೆಕ್ಟರ್ ಬಿಚ್ಚಿ, ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟು, ತಲೆ ಕೆರೆದುಕೊಂಡು ಕೂತವರು ಎಷ್ಟು ಜನವೋ.

"ಸಾಮಾನ್ಯವಾಗಿ ಟೈಮಿಂಗ್ ಬೆಲ್ಟೋ ಚೈನೋ ಇರೋ ಕಡೆಯದು ಒಂದನೇದು" ಅಂದರು ಶಂಕ್ರಣ್ಣ. "ಆದ್ರೆ ಗಿಯರ್ ಬಾಕ್ಸ್ ಕಡೆಯಿಂದ ಎಣಿಸೋ ಕಂಪನಿಗಳೂ ಇದಾವೆ. ಮ್ಯಾನ್ಯುಯಲ್ ತೆಗಿಯೋ."

ಗಿರೀಶನ ಸರ್ವಿಸ್ ಮ್ಯಾನ್ಯುಯಲ್ ಹೊಸದಾಗಿಯೇ ಇತ್ತು, ಪ್ಲಾಸ್ಟಿಕ್ ಕವರ್ ಸಮೇತ. ಟೈಮಿಂಗ್ ಕಡೆಯಿಂದಲೇ ಎಣಿಕೆ ಅಂತ ತೀರ್ಮಾನವಾಯಿತು. ಸುಮ್ನೆ ನಂಬೋದು ಬೇಡ ಅಂತ, ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಕನೆಕ್ಟರನ್ನೂ ತೆಗೆದು ಹಾಕಿ ನೋಡಿದರು. ಬೇರೆಯದನ್ನು ತೆಗೆದಾಗ ಇಂಜಿನ್ ಇನ್ನೂ ಕುಸಿದು ನಿಲ್ಲುವ ಹಾಗಾಯಿತು. ಮೂರನೆಯದನ್ನು ತೆಗೆದರೆ ಏನೂ ಬದಲಾಗಲಿಲ್ಲ. ಸತ್ತ ಸಿಲಿಂಡರ್ ಅದೇ.

(ಇದನ್ನು ಎಲ್ಲ ಗಾಡಿಯಲ್ಲೂ ಮಾಡಲು ಹೋಗಬೇಡಿ. ಡೀಸೆಲ್ ಕಾಮನ್ ರೈಲ್, ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಇಂಜಿನ್, ಇವುಗಳಲ್ಲಿ ಇಂಜೆಕ್ಟರಿಗೆ 60-70 ವೋಲ್ಟ್ ಹೋಗುತ್ತದೆ, ಕೆಲವದರಲ್ಲಿ 100 ದಾಟುತ್ತದೆ. ಓಡುವಾಗ ಕೈ ಹಾಕಿದರೆ ಕೋಡ್ ನಿಮ್ಮ ಮೇಲೇ ಬರುತ್ತದೆ.)

"ಕೇಳಿಸ್ತೀನಿ ಬಾ" ಅಂತ ಶಂಕ್ರಣ್ಣ ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಎರಡನೇ ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ಪರಮೇಶಿಯ ಕಿವಿಗೆ ಕೊಟ್ಟರು. "ತೋಳು ಮಡಚ್ಕೋ, ಬೆಲ್ಟ್ ತಿರುಗ್ತಿದೆ."

"ಟಿಕ್ ಟಿಕ್ ಅಂತಿದೆ. ಎಣಿಸೋಕೇ ಆಗ್ತಿಲ್ಲ."

"800 ಆರ್‌ಪಿಎಮ್ ಇದ್ರೆ ನಿಮಿಷಕ್ಕೆ 400 ಸಲ ತೆರೆಯುತ್ತೆ. ಎರಡು ಸುತ್ತಿಗೆ ಒಂದು. ಪ್ರತಿ ಸಲ ತೆರೆದಿರೋದು ಎರಡು ಮೂರು ಮಿಲಿಸೆಕೆಂಡ್ ಅಷ್ಟೆ."

"ರಜೆ ಇಲ್ವಾ?" ಅಂದ ಪರಮೇಶಿ. ಮೂರನೆಯದಕ್ಕೆ ಇಟ್ಟರು. ಅಲ್ಲಿ ರಜೆ ಇತ್ತು. ಸದ್ದೇ ಇಲ್ಲ.

"ನಾನು ಹೇಳ್ಲಿಲ್ವಾ!" ಅಂತ ವೆಂಕಿ ಕಾರಿನ ಹಿಂದೆ ಹೋಗಿ ಒಂದು ಬಾಟಲಿ ಹಿಡಿದು ಬಂದ. ಇಂಜೆಕ್ಟರ್ ಕ್ಲೀನರ್. "ಟ್ಯಾಂಕಿಗೆ ಸುರಿದ್ರೆ ಸಾಕಂತೆ."

ಶಂಕ್ರಣ್ಣ ಬಾಟಲಿ ನೋಡಿದರು, ಅವನನ್ನು ನೋಡಿದರು. "ಅದು ಇಂಜೆಕ್ಟರ್ ತುದೀಲಿ ಕೂತ ಕೊಳೆಗೆ ಕಣೋ. ಕೊಳೆ ಕೂತ್ರೆ ಮಿಸ್ಸಿಂಗ್ ಆಗುತ್ತೆ, ಮೂರನೇ ಸಿಲಿಂಡರ್ ಸರಿಯಾಗಿ ಹೊಡೀತಿಲ್ಲ ಅನ್ನೋ ಪಿ0303 ಕೋಡ್ ಬರಬಹುದು. ಸರ್ಕ್ಯೂಟ್ ಕೋಡ್ ಬರಲ್ಲ. ಒಳಗೆ ಹೋಗ್ತಿರೋ ಪೆಟ್ರೋಲ್ ಚೊಕ್ಕಟವೋ ಗಲೀಜೋ ಅಂತ ಕಾಯಿಲಿಗೇನು ಗೊತ್ತು?"

ಇಂಜಿನ್ ಆರಿಸಿ, ಕನೆಕ್ಟರ್ ತೆಗೆದು, ಮಲ್ಟಿಮೀಟರನ್ನು ರೋಧ ಅಳೆಯುವ ಓಮ್‌ಗೆ ತಿರುಗಿಸಿ ಇಂಜೆಕ್ಟರಿನ ಎರಡು ಪಿನ್ನಿಗೂ ಇಟ್ಟರು. 14.2. ಪಕ್ಕದವರದ್ದು 14.1, 14.3. ಈ ಜಾತಿಯ ಇಂಜೆಕ್ಟರಿಗೆ 12ರಿಂದ 16 ಓಮ್ ಸರಿಯಾದ ಲೆಕ್ಕ. ಕಾಯಿಲ್ ತುಂಡಾಗಿದ್ದರೆ ಮೀಟರ್ ಏನೂ ತೋರಿಸದೆ ಕೈ ಎತ್ತುತ್ತಿತ್ತು, ಶಾರ್ಟ್ ಆಗಿದ್ದರೆ ಸೊನ್ನೆಯ ಹತ್ತಿರ ಬರುತ್ತಿತ್ತು.

"ಹಾಗಾದ್ರೆ ಇಂಜೆಕ್ಟರ್ ನಿರಪರಾಧಿ" ಅಂದ ಗಿರೀಶ, ಮೊದಲ ಸಲ ನಗುತ್ತಾ.

"ಸದ್ಯಕ್ಕೆ ಜಾಮೀನು" ಅಂದರು ಶಂಕ್ರಣ್ಣ. "ಬಿಸಿಯಾದಾಗ ಮಾತ್ರ ಕೈಕೊಡೋ ಕಾಯಿಲೂ ಇರ್ತವೆ. ಈಗ ವೈರ್ ಕಡೆ ಹೋಗೋಣ. ಕೀ ಆನ್ ಮಾಡು."

ಕನೆಕ್ಟರಿನ ಸಪ್ಲೈ ಪಿನ್ನಿಗೆ ಮೀಟರ್ ಹಿಡಿದರೆ 12.4 ವೋಲ್ಟ್. ಬ್ಯಾಟರಿ 12.5. ಎಲ್ಲರೂ ಸುಮ್ಮನಾದೆವು. ಕಾಯಿಲ್ ಸರಿ, ಕರೆಂಟೂ ಬರುತ್ತಿದೆ. ಇನ್ನು ಉಳಿದದ್ದು ಒಂದೇ, ಎಲ್ಲರ ಬಾಯಲ್ಲೂ ಬರುತ್ತಿತ್ತು, ಹೇಳಲು ಭಯ. ವೆಂಕಿ ಹೇಳೇಬಿಟ್ಟ. "ಇಸಿಯು ಹೋಗಿದೆ."

ಗಿರೀಶ ಮಡ್‌ಗಾರ್ಡ್ ಹಿಡಿದುಕೊಂಡ. ಪರಮೇಶಿ ಇಸಿಯು ಬೆಲೆ ಹುಡುಕಲು ಫೋನ್ ತೆಗೆದ. ಶಂಕ್ರಣ್ಣ ಮಾತ್ರ ಚೀಲದಿಂದ ಎರಡು ವೈರ್ ಬೆಸೆದ ಒಂದು ಪುಟ್ಟ ಬಲ್ಬ್ ತೆಗೆದರು.

"ಅಣ್ಣ, ಮೀಟರೇ ಹೇಳಿದ್ಮೇಲೆ ಬಲ್ಬ್ ಯಾಕೆ?"

"ಮೀಟರ್ ಕರೆಂಟ್ ಕುಡಿಯೋದೇ ಇಲ್ಲ ಅನ್ನೋ ಹಾಗೆ. ವೈರಲ್ಲಿ ಒಂದೇ ಒಂದು ಎಳೆ ಉಳಿದಿದ್ರೂ ಅದಕ್ಕೆ ಪೂರ್ತಿ 12 ಕಾಣುತ್ತೆ. ಬಲ್ಬಿಗೆ ಹಾಗಲ್ಲ, ಉರಿಬೇಕು ಅಂದ್ರೆ ಕರೆಂಟ್ ಹರೀಲೇಬೇಕು. ಇಂಜೆಕ್ಟರಿಗೂ ಅಷ್ಟೆ."

ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎರಡನೇ ಕನೆಕ್ಟರಿಗೆ. ಬಲ್ಬ್ ಬೆಳ್ಳಗೆ ಉರಿಯಿತು. ಮೂರನೆಯದಕ್ಕೆ ಇಟ್ಟರು. ಒಳಗಿನ ತಂತಿ ಸುಮ್ನೆ ಕೆಂಪಗಾಯಿತು, ಉರಿಯಲಿಲ್ಲ. ವೈರನ್ನು ಕನೆಕ್ಟರಿನಿಂದ ಹಿಂದಕ್ಕೆ ಬೆರಳಿನಲ್ಲಿ ಬಗ್ಗಿಸುತ್ತಾ ಹೋದರು. ಒಂದು ಕಡೆ ಬಲ್ಬ್ ಫಕ್ ಅಂತ ಹೊತ್ತಿ ಮತ್ತೆ ಆರಿತು. "ಟಾರ್ಚ್! ಟಾರ್ಚ್ ಎಲ್ಲಿ ಬಿಡ್ತಿದೀಯೋ!" ನಾನು ಬಲ್ಬನ್ನೇ ನೋಡುತ್ತಿದ್ದೆ.

ಅಲ್ಲಿ ವೈರು ಒಂದು ಕಬ್ಬಿಣದ ಬ್ರಾಕೆಟ್ಟಿನ ಅಂಚಿನ ಮೇಲೆ ಮಡಚಿಕೊಂಡಿತ್ತು. ಹೊರಗಿನ ಪ್ಲಾಸ್ಟಿಕ್ ನೋಡಲು ಏನೂ ಆಗಿರಲಿಲ್ಲ, ಕೂದಲೆಳೆಯಷ್ಟು ಸೀಳು ಬಿಟ್ಟರೆ. ಕೀ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಬ್ಲೇಡಿನಿಂದ ಸಿಪ್ಪೆ ತೆಗೆದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಎರಡೇ ಎಳೆ ಗಟ್ಟಿಯಾಗಿದ್ದವು, ಅವೂ ಕಪ್ಪಗಾಗಿದ್ದವು.

"ತಿರುಚಿ ಟೇಪ್ ಸುತ್ತಿದ್ರೆ ಆಯ್ತಲ್ವಾ?" ಅಂದ ಪರಮೇಶಿ.

"ಇಂಜಿನ್ ಅಲ್ಲಾಡೋ ಜಾಗ. ಮುಂದಿನ ಮಳೆಗೆ ಮತ್ತೆ ಇಲ್ಲೇ ನಿಂತಿರ್ತೀವಿ." ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಕೂರಿಸಿದರು. ಬ್ರಾಕೆಟ್ಟಿನ ಅಂಚಿನಿಂದ ದೂರ ಎಳೆದು ಕಟ್ಟಿದರು.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರೆ ಇಂಜಿನ್ ನಯವಾಗಿ ಓಡಿತು. ಗಿರೀಶನ ನಡುಕವೂ ನಿಂತಿತು. ಖರ್ಚು ಒಂದು ಗೇಣು ವೈರು ಅಂತ ಕೇಳಿ ಪರಮೇಶಿಗೆ ಎಂಥ ಖುಷಿ ಅಂದರೆ, ಕಾರು ಅವನದೇ ಅನ್ನಬೇಕು.

ವೆಂಕಿ ಮಾತ್ರ ಬಾಟಲಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದ. "ತಂದದ್ದು ತಂದಾಗಿದೆ, ಸುರಿದೇಬಿಡ್ಲಾ ಅಣ್ಣ?"

"ಸುರಿ. ಟ್ಯಾಂಕ್ ಯಾವ ಕಡೆ ಇದೆ ಅಂತ ಮೊದಲು ಮ್ಯಾನ್ಯುಯಲ್ ನೋಡ್ಕೋ" ಅಂದರು ಶಂಕ್ರಣ್ಣ.