ಸಹಾಯ ಬೇಕು: ಅಮ್ಮನ ತೋಳಿನ ಶುಗರ್ ಸೆನ್ಸರ್ ಸರಿಯಾಗಿ ಅಂಟಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ರಾತ್ರಿ ಶುಗರ್ ಇಳಿದು ಎರಡು ಸಲ ಮೈಯೆಲ್ಲಾ ಬೆವೆತು ಎದ್ದರು. ಅದಕ್ಕೇ ಡಾಕ್ಟರ್, ತೋಳಿಗೆ ಅಂಟಿಸಿಕೊಂಡರೆ 14 ದಿನ ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ಬರೆದುಕೊಟ್ಟರು.

ಹಾಕುವಾಗ ಅಮ್ಮನಿಗಿಂತ ನನಗೇ ಭಯ ಜಾಸ್ತಿ. ತೋಳಿನ ಹಿಂಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಒತ್ತಿದರೆ ಟಕ್ ಅಂತ ಕೂತುಬಿಟ್ಟಿತು. ಸೂಜಿ ವಾಪಸ್ ಬರುತ್ತದೆ, ಕೂದಲಿನಂಥ ಎಳೆ ಮಾತ್ರ ಚರ್ಮದ ಕೆಳಗೆ ಉಳಿಯುತ್ತದೆ. "ಇಷ್ಟೇನಾ?" ಅಂದರು ಅಮ್ಮ.

ಮೊನ್ನೆ ರಾತ್ರಿ ಎರಡು ಗಂಟೆಗೆ ಶುಗರ್ 58ಕ್ಕೆ ಇಳಿದಿದೆ ಅಂತ ಅಲಾರಂ. ಗಾಬರಿಯಾಗಿ ಬೆರಳು ಚುಚ್ಚಿ ನೋಡಿದರೆ 104! ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದಿರುತ್ತದೆ, ಅದು ಗೊತ್ತಿತ್ತು. ಆದರೆ ಅಮ್ಮ ಅದೇ ತೋಳಿನ ಮೇಲೆ ಮಲಗಿದ್ದರು. ಸೆನ್ಸರ್ ಮೇಲೆ ಒತ್ತಡ ಬಿದ್ದರೂ ಶುಗರ್ ಕಡಿಮೆ ಅಂತ ಸುಳ್ಳು ತೋರಿಸುತ್ತದೆ ಅಂತ ನರ್ಸ್ ಹೇಳಿದರು. ನಿಮಗೂ ಹೀಗಾಗಿದೆಯಾ? ಮಗ್ಗುಲು ಬದಲಿಸುವ ಅಭ್ಯಾಸ ಹೇಗೆ ಮಾಡಿಸಿದಿರಿ?

ಇನ್ನೊಂದು, ಸೆಕೆಗೆ ಸೆನ್ಸರ್‌ನ ಅಂಚು ಏಳುತ್ತಿದೆ. ಇನ್ನೂ ಒಂಬತ್ತು ದಿನ ಬಾಕಿ. ಒಂದೊಂದಕ್ಕೂ ಸಾವಿರಗಟ್ಟಲೆ ದುಡ್ಡು, ಬಿದ್ದರೆ ಹೊಟ್ಟೆ ಉರಿಯುತ್ತದೆ. ಮೇಲೆ ಯಾವ ಟೇಪ್ ಹಾಕುತ್ತೀರಿ? ಅಮ್ಮನ ಚರ್ಮ ತೆಳು, ಬೇಗ ಕೆಂಪಾಗುತ್ತದೆ. ಬಳಸಿದವರು ದಯವಿಟ್ಟು ತಿಳಿಸಿ.